ಆಯ್ನಾ-ಕೋಲ್‌ನಿಂದ ಬಂದ ಎರಡನೇ ಮೇಲ್

“ಕಳಿಸಿದೀನಿ ಅಂದ್ರೆ ಕಳಿಸಿದೀನಿ! ನೀವೇ ನೋಡಿ—ಇಲ್ಲಿದೆ!”

ಜೋಲ್ದೋಶ್ ತನ್ನ ಅಂಗೈಯಗಲದ ಯಂತ್ರವನ್ನು ನಿರ್ದೇಶಕಿಯ ಮೇಜಿನ ಮೇಲೆ ಕುಕ್ಕಿದ. ಅವನ ಬೂಟುಗಳಿಂದ ಒಣಗಿದ ಕೆಸರು ಚಕ್ಕೆಚಕ್ಕೆಯಾಗಿ ನೆಲಕ್ಕೆ ಉದುರುತ್ತಿತ್ತು.

ನಿರ್ದೇಶಕಿ ಬುರುಲ್ ಎಜೆ—ಎಜೆ ಎಂದರೆ ಅಕ್ಕ—ಕನ್ನಡಕ ಏರಿಸಿಕೊಂಡು ಓದಿದರು. ಶುಕ್ರವಾರ ಸಂಜೆ, ಬೆಟ್ಟದ ನೆತ್ತಿಯ ಆಯ್ನಾ-ಕೋಲ್ ಸರೋವರದಿಂದ ಬಿಷ್ಕೆಕ್‌ನ ಈ ಜಲಮಾಪನ ಕಚೇರಿಗೆ ಹೊರಟ ಮೇಲ್ ಅದು. ‘ಹಿಮನದಿಯ ತುಂಡು ಒಡೆದು ನೀರಿಗೆ ಬಿದ್ದಿದೆ. ನೀರು ಏರುತ್ತಿದೆ. ಕೆಳಗಿನವರಿಗೆ ತಿಳಿಸಿ.’ ಅದರಡಿಯಲ್ಲಿ ತಲುಪಿದೆ ಎಂಬ ಹಸಿರು ಗುರುತು.

“ತಲುಪಿದೆ...” ಬುರುಲ್ ಎಜೆಯ ದನಿ ಇಳಿಯಿತು. “ಹಾಗಾದ್ರೆ ಎಲ್ಲಿದೆ?”

ಅವರು ತಮ್ಮ ಪರದೆಯನ್ನು ಅವನ ಕಡೆಗೆ ತಿರುಗಿಸಿದರು. ಕಚೇರಿಯ ಸಾಮೂಹಿಕ ಮೇಲ್‌ಬಾಕ್ಸ್ ತೆರೆದಿತ್ತು. ಶುಕ್ರವಾರ ಜೋಲ್ದೋಶ್‌ನಿಂದ ಬಂದದ್ದು ಒಂದೇ ಮೇಲ್—‘ನೀರು ಎಂದಿನಂತೆಯೇ ಇದೆ.’ ಎರಡನೆಯದರ ಸುಳಿವೇ ಇಲ್ಲ.

ಜೋಲ್ದೋಶ್ ಬೇಸಿಗೆಯಿಡೀ ಸರೋವರದ ಪಕ್ಕದ ಗುಡಿಸಲಿನಲ್ಲಿದ್ದು ನೀರಿನ ಮಟ್ಟ ಅಳೆಯುವ ಕಾವಲುಗಾರ. ಅಲ್ಲಿ ಫೋನ್ ಹಿಡಿಯುವುದಿಲ್ಲ. ಉಪಗ್ರಹದ ಮೂಲಕ ನಾಲ್ಕು ಸಾಲಿನ ಮೇಲ್ ಕಳಿಸಬಹುದು, ಅಷ್ಟೇ. ಶುಕ್ರವಾರ ಎರಡನೇ ಮೇಲ್ ಕಳಿಸಿ ಉತ್ತರಕ್ಕಾಗಿ ಕಾದ. ಬರಲಿಲ್ಲ. ಕತ್ತಲಾಗುವ ಮೊದಲೇ ಕುದುರೆಯೇರಿ ಇಳಿದ. ಸೂ-ಒಟ್ಕೆಲ್ ಹಳ್ಳಿಯ ಮನೆಮನೆಯ ಬಾಗಿಲು ಬಡಿದು ಜನರನ್ನು ಗುಡ್ಡ ಹತ್ತಿಸಿದ. ನಸುಕಿನಲ್ಲಿ ಸರೋವರದ ಅಂಚು ಕುಸಿಯಿತು. ಸೇತುವೆ, ಕುರಿದೊಡ್ಡಿ, ಶಾಲೆಯ ಗೋಡೆ—ಎಲ್ಲ ಕೊಚ್ಚಿಹೋದವು. ಮನುಷ್ಯರು ಉಳಿದರು. ಉಳಿದದ್ದು ಆ ಕುದುರೆಯ ಕಾಲಿನಿಂದ, ಕಚೇರಿಯಿಂದಲ್ಲ.

“ನಾಳೆ ಬೆಳಿಗ್ಗೆ ಸಚಿವಾಲಯದವರು ಬರ್ತಾರೆ,” ಬುರುಲ್ ಎಜೆ ಬಾಗಿಲ ಬಳಿ ನಿಂತಿದ್ದ ಸಿರ್ಗಾಳ ಕಡೆ ನೋಡಿದರು. “ಅವರಿಗೆ ಒಂದು ಹೆಸರು ಬೇಕು. ಯಾರು ಅಳಿಸಿದ್ದು, ಯಾಕೆ ಅಳಿಸಿದ್ದು. ನೀನೇ ಹುಡುಕಬೇಕು.”

ಸಿರ್ಗಾ ಈ ಕಚೇರಿಯ ಕಂಪ್ಯೂಟರ್, ಮೇಲ್, ಕ್ಯಾಲೆಂಡರುಗಳನ್ನು ನೋಡಿಕೊಳ್ಳುವವಳು. ಬೆರಳಚ್ಚು, ರಕ್ತದ ಕಲೆ ಅವಳಿಗೆ ತಿಳಿಯದು. ಆದರೆ ಅಳಿಸಿದ ಮೇಲ್ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತು.

“ಮೇಲ್‌ಬಾಕ್ಸ್ ತುಂಬಿ ವಾಪಸ್ ಹೋಗಿರಬಹುದಲ್ವಾ?” ಬುರುಲ್ ಎಜೆ ಆಸೆಯಿಂದ ಕೇಳಿದರು. “ಜಾಗ ಇಲ್ಲ, ಖಾಲಿ ಮಾಡಿ ಅಂತ ನೀನೇ ಶುಕ್ರವಾರ ಎಲ್ಲರಿಗೂ ಬರ್ದಿದ್ದೆಯಲ್ಲ.”

“ತುಂಬಿದ್ರೆ ಇವರಿಗೆ ವಾಪಸ್ ಹೋಗ್ತಿತ್ತು. ತಲುಪಿದೆ ಅನ್ನೋ ಗುರುತು ಬರ್ತಿರ್ಲಿಲ್ಲ. ಬಂದಿದೆ ಎಜೆ. ಬಂದಮೇಲೆ ಯಾರೋ ತೆಗೆದಿದಾರೆ.”

“ಯಾರು ತೆಗೆದದ್ದು ಅಂತ ಯಂತ್ರ ಹೇಳಲ್ವಾ?”

“ಈ ಬಾಕ್ಸ್‌ಗೆ ನಿಮ್ಮ ನಾಲ್ವರಿಗೂ ಒಂದೇ ಪಾಸ್‌ವರ್ಡ್. ಯಾರು ತೆರೆದ್ರೂ ಯಂತ್ರಕ್ಕೆ ಒಬ್ಬರೇ.”

ನಾಲ್ವರು—ಬುರುಲ್ ಎಜೆ, ಉಪನಿರ್ದೇಶಕ ಎರ್ಮೆಕ್, ಹಿರಿಯ ಜಲವಿಜ್ಞಾನಿ ಇಸಾಬೆಕ್, ಗುಮಾಸ್ತೆ ರಹಾತ್. ಬುರುಲ್ ಎಜೆ ಶುಕ್ರವಾರ ಓಶ್ ನಗರದ ವಿಮಾನದಲ್ಲಿದ್ದರು. ಉಳಿದವರು ಮೂವರು.

“ಇಸಾಬೆಕ್ ಅಗಾಯ್ ಕಣ್ಣಿಗೆ ಆ ಮೇಲ್ ಬಿದ್ದಿದ್ರೆ ಅವರೇ ಕುದುರೆ ಹತ್ತಿ ಹೋಗ್ತಿದ್ರು,” ಎಂದ ಜೋಲ್ದೋಶ್. “ಅವರನ್ನ ಬಿಟ್ಟುಬಿಡಿ.”

ಅಗಾಯ್—ಮೇಷ್ಟ್ರು. ಆ ಕಚೇರಿಯಲ್ಲಿ ಎಲ್ಲರೂ ಇಸಾಬೆಕ್‌ರನ್ನು ಕರೆಯುತ್ತಿದ್ದದ್ದೇ ಹಾಗೆ. ಬೆಟ್ಟಗಳ ಪ್ರತಿ ಸರೋವರವನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ಬಂದವರು. ಕಾವಲುಗಾರರನ್ನೆಲ್ಲ ಪಳಗಿಸಿದವರು. ಈ ಶರತ್ಕಾಲದಲ್ಲಿ ನಿವೃತ್ತಿ.

“ರಹಾತ್‌ಗೆ ಬಾಕ್ಸ್ ಖಾಲಿ ಮಾಡೋ ಕೆಲಸ ವಹಿಸಿದ್ದೆ,” ಬುರುಲ್ ಎಜೆ ಕಣ್ಣುಜ್ಜಿಕೊಂಡರು. “ಕೈತಪ್ಪಿ ಅಳಿಸಿರ್ತಾಳೆ. ಹೊಸಬಳು. ಅವಳ ಹೆಸರೇ ಬರೀಬೇಕಾಗುತ್ತೋ ಏನೋ.”

“ನಾಳೆವರೆಗೆ ಬರೀಬೇಡಿ ಎಜೆ,” ಎಂದಳು ಸಿರ್ಗಾ.

*

ರಹಾತ್ ಅತ್ತು ಮುಗಿಸಿದ್ದಳು. ಮೂಗು ಕೆಂಪಗಿತ್ತು. ಗಂಡ ತೀರಿಕೊಂಡ ಮೇಲೆ ವರ್ಷಗಟ್ಟಲೆ ಬೇಕರಿಯಲ್ಲಿ ರೊಟ್ಟಿ ತಟ್ಟಿ, ಸಂಜೆ ತರಗತಿಗಳಲ್ಲಿ ಕಲಿತು, ಈ ಚಳಿಗಾಲದ ಕೊನೆಯಲ್ಲಷ್ಟೇ ಕುರ್ಚಿಯ ಕೆಲಸಕ್ಕೆ ಬಂದವಳು.

“ಒಂದೇ ಒಂದು ಮೇಲ್ ಮುಟ್ಟಿಲ್ಲ ಕಣೇ ಸಿರ್ಗಾ. ಆಣೆ ಮಾಡ್ಲಾ?”

“ಯಾಕೆ ಮುಟ್ಟಲಿಲ್ಲ ಎಜೆ? ಖಾಲಿ ಮಾಡಿ ಅಂದಿದ್ರಲ್ಲ.”

“ಭಯ ಆಯ್ತು.”

“ಏನು ಭಯ?”

“ಒಂದೊಂದು ಫೋಟೋ ತೆಗೆದು ನೋಡ್ತಿದ್ದೆ. ಯಾರೋ ಹಿಮದಲ್ಲಿ ನಿಂತು ಕೋಲು ಹಿಡ್ಕೊಂಡಿರ್ತಾರೆ. ಯಾರೋ ನಗ್ತಿರ್ತಾರೆ. ಅವರಲ್ಲಿ ಎಷ್ಟು ಜನ ಇದಾರೋ, ಎಷ್ಟು ಜನ ಇಲ್ವೋ! ಇದನ್ನ ಅಳಿಸು ಅಂದ್ರೆ ಹೇಗೆ ಅಳಿಸ್ಲಿ? ಸೋಮವಾರ ನಿನ್ನ ಕೇಳೇ ಮಾಡೋಣ ಅಂತ ಮುಚ್ಚಿಟ್ಟು ಹೋದೆ.” ಅವಳು ಕರ್ಚೀಫು ಹಿಂಡಿದಳು. “ನನ್ನ ಮಾತು ಯಾರು ನಂಬ್ತಾರೆ, ಹೇಳು?”

ಸಿರ್ಗಾ ಅವಳ ಪರದೆಯನ್ನು ನೋಡಿದಳು. ಜಾಗದ ಪಟ್ಟಿ ಶುಕ್ರವಾರ ಇದ್ದಂತೆಯೇ ಕೆಂಪಗೆ, ಅಂಚಿನವರೆಗೆ ತುಂಬಿ ನಿಂತಿತ್ತು. ಹಳೆಯ ಫೋಟೋಗಳು, ನಕ್ಷೆಗಳು, ವಿಡಿಯೋಗಳು—ಒಂದೂ ಕದಲಿರಲಿಲ್ಲ.

“ನಾನು ನಂಬ್ತೀನಿ ಎಜೆ,” ಎಂದಳು. “ಸಮಾಧಾನಕ್ಕೆ ಹೇಳ್ತಿಲ್ಲ.”

*

ಎರ್ಮೆಕ್ ತಲೆ ಎತ್ತಲಿಲ್ಲ.

“ಬೇಗ ಕೇಳು. ಕೆಲಸ ಇದೆ.”

“ಶುಕ್ರವಾರ ಸಂಜೆ ಕೊನೆಗೆ ಹೋಗಿದ್ದು ಯಾರು ಬೈಕೆ?” ಬೈಕೆ ಎಂದರೆ ಅಣ್ಣ.

“ನಾನು.”

“ಮೇಲ್‌ಬಾಕ್ಸ್ ನೋಡಿದ್ರಾ?”

“ನೋಡ್ದೆ.”

“ಜೋಲ್ದೋಶ್ ಎರಡನೇ ಮೇಲ್—”

“ಇಲ್ನೋಡು ಸಿರ್ಗಾ,” ಅವನು ಪೆನ್ನು ಎಸೆದ. “ಕಚೇರಿ ಕೊನೆಗೆ ಬಿಟ್ಟವನು ನಾನು. ಉಪನಿರ್ದೇಶಕ ನಾನು. ಹೆಸರು ತಾನೇ ಬೇಕು? ಎರ್ಮೆಕ್ ಅಂತ ಬರ್ಕೋ. ಬುರುಲ್ ಎಜೆಗೂ ಬೆಳಿಗ್ಗೆನೇ ಹೇಳಿದೀನಿ. ಪಾಪ, ಆ ರಹಾತ್‌ನ ಬಿಟ್ಟುಬಿಡಿ.”

“ಎಜೆ ಒಪ್ಪಲಿಲ್ವಾ?”

“‘ದೊಡ್ಡತನ ತೋರಿಸ್ಬೇಡ’ ಅಂದ್ರು.”

ಎಜೆ ನಂಬದ್ದು ಸಹಜವೇ ಆಗಿತ್ತು. ಎರ್ಮೆಕ್‌ನ ಬಾಯಿ ಚಾಕುವಿನಂಥದು. ಇಸಾಬೆಕ್‌ರನ್ನು ಕಂಡರೆ ಅವನಿಗೆ ಆಗುವುದಿಲ್ಲ ಎಂದು ಕಚೇರಿಯ ಗೋಡೆಗಳೂ ಪಿಸುಗುಟ್ಟುತ್ತಿದ್ದವು. ಅದಕ್ಕೆ ಕಾರಣವೂ ಇತ್ತು. ವಸಂತದ ಹೊಸವರ್ಷವಾದ ನೊರೂಜ್ ಹಬ್ಬದ ದಿನ ಪರದೇಶದ ಅತಿಥಿಗಳ ಮುಂದೆ ಇಸಾಬೆಕ್ ಎಲ್ಲರನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಪರಿಚಯಿಸಿದರು. ಎರ್ಮೆಕ್‌ನ ಮುಂದೆ ಬಂದಾಗ ಒಂದು ಕ್ಷಣ ನಿಂತು, ನಕ್ಕು—“ಇವರು ನಮ್ಮ ಡ್ರೈವರ್” ಎಂದರು. ಸಭೆ ಗೊಳ್ಳೆಂದಿತು. ಎರ್ಮೆಕ್‌ನ ಕಿವಿ ಕೆಂಪಾಯಿತು. “ಹೌದು, ಗಾಡಿ ತರ್ತೀನಿ” ಎಂದು ಎದ್ದುಹೋದವನು ನಿಜಕ್ಕೂ ಗಾಡಿ ತಂದು, ಅತಿಥಿಗಳನ್ನು ಹೋಟೆಲಿಗೆ ಬಿಟ್ಟುಬಂದ. ಎಂಥಾ ಕೊಬ್ಬು, ಎಂದರು ಜನ. ಅಂದಿನಿಂದ ಇಬ್ಬರೂ ಎದುರುಬದುರು ಕೂತು ಮಾತಾಡಿದ್ದನ್ನು ಕಂಡವರಿಲ್ಲ.

ಸಿರ್ಗಾ ಎದ್ದಳು. ಬಾಗಿಲ ಬಳಿ ಹೋದಾಗ ಅವನು, ಇನ್ನೂ ಕಾಗದದಲ್ಲೇ ಕಣ್ಣಿಟ್ಟು, ಕೇಳಿದ:

“ಮಗ ನಡೀತಾನಾ?”

ಅವಳಿಗೆ ಆಶ್ಚರ್ಯವಾಯಿತು. “ಹ್ಞೂಂ ಬೈಕೆ... ಇವತ್ತು ಬೆಳಿಗ್ಗೆ ಮೊದಲನೇ ಸಲ. ನಾನು ಹೊರಡೋವಾಗ ಸೋಫಾ ಬಿಟ್ಟು ಎರಡು ಹೆಜ್ಜೆ ಹಾಕಿ ದೊಪ್ಪಂತ ಕೂತ. ಈ ಗಲಾಟೇಲಿ ಅವರಪ್ಪನಿಗೂ ಇನ್ನೂ ಹೇಳಿಲ್ಲ.”

“ಹ್ಞಾಂ. ಬಾಗಿಲು ಹಾಕ್ಕೊಂಡು ಹೋಗು.”

*

ಮೊಗಸಾಲೆಯಲ್ಲಿ ಇಸಾಬೆಕ್ ಕೆಟಲ್ ಹಿಡಿದು ಬರುತ್ತಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಅವರನ್ನು ನೋಡಿದರೇ ಮನಸ್ಸಿಗೆ ತಂಪು.

“ಸ್ವಲ್ಪ ದಾರಿ ಬಿಡ್ತೀರಾ ತಾಯಿ? ಬಿಸಿನೀರಿದೆ.”

ಸಿರ್ಗಾ ಗೋಡೆಗೆ ಸರಿದಳು. ಬಿಡ್ತೀರಾ? ತಾಯಿ? ಕೆಲಸಕ್ಕೆ ಸೇರಿದ ದಿನದಿಂದಲೂ ಅವರು ಅವಳನ್ನು ಏಕವಚನದಲ್ಲೇ ಕರೆದವರು. ತಾನು ಎಲ್ಲರನ್ನೂ ವಿಚಾರಣೆ ಮಾಡುತ್ತಿರುವುದು ಅವರಿಗೆ ನೋವಾಯಿತೇನೋ.

ಅವರ ಕ್ಯಾಲೆಂಡರಿನಲ್ಲಿ ಮಧ್ಯಾಹ್ನಕ್ಕೆ ‘ಸಿರ್ಗಾ ಜೊತೆ ಮಾತು’ ಎಂದು ಅವಳು ಬೆಳಿಗ್ಗೆಯೇ ಗುರುತು ಹಾಕಿದ್ದಳು. ಆ ಕ್ಯಾಲೆಂಡರು ಕಚೇರಿಗೆಲ್ಲ ಹಂಚಿಕೊಂಡದ್ದು. ಯಾರು ಬೇಕಾದರೂ ನೋಡಬಹುದು, ಬರೆಯಬಹುದು. ಹೇಳಿದ ವೇಳೆಗೆ ಅಳುಕುತ್ತಲೇ ಬಾಗಿಲು ತಟ್ಟಿದಳು.

ಇಸಾಬೆಕ್ ಪರದೆಯಿಂದ ಮುಖ ಎತ್ತಿದರು. ಮುಖ ಅರಳಿತು.

“ಬಾ ಸಿರ್ಗಾ, ಬಾ! ಕೂತ್ಕೋ. ನಿನ್ನ ಮಗ ಎರಡು ಹೆಜ್ಜೆ ಹಾಕಿದನಂತೆ! ಬಿದ್ದಾಗ ಅತ್ತನೋ, ನಕ್ಕನೋ?”

ಅವಳ ಅಳುಕೆಲ್ಲ ಕರಗಿತು. “ನಕ್ಕ ಅಗಾಯ್.”

“ಹಾಗಾದ್ರೆ ಬೆಟ್ಟ ಹತ್ತೋ ಹುಡುಗ ಅವನು. ತಗೋ, ಏಪ್ರಿಕಾಟ್ ಜಾಮ್. ಬೋರ್ಸೋಕ್ ಇನ್ನೂ ಬಿಸಿ ಇದೆ.”

ಶುಕ್ರವಾರದ ಬಗ್ಗೆ ಕೇಳಿದಳು. ಅವರು ಕರಿದ ಹಿಟ್ಟಿನ ಬೋರ್ಸೋಕನ್ನು ಜಾಮಿನಲ್ಲಿ ಅದ್ದಿ, ತಿನ್ನದೆ ಹಿಡಿದುಕೊಂಡೇ ಕೂತರು.

“ನೀರಿನ ಮಟ್ಟ ಎಷ್ಟು ಅಂತ ಜೋಲ್ದೋಶ್‌ನ ಕೇಳಿದ್ದೆ. ಎಂದಿನಂತೆ ಇದೆ ಅಂದ. ಮನೆಗೆ ಹೋದೆ. ಅವನು ಮತ್ತೆ ಬರೆದಿದ್ದನಂತೆ. ನಾನು ನೋಡ್ಲಿಲ್ಲ. ಸೂ-ಒಟ್ಕೆಲ್‌ನಲ್ಲಿ ನಾನು ಯಾರ ಮನೇಲಿ ಚಹಾ ಕುಡಿದಿಲ್ಲ ಹೇಳು? ಆ ಸೇತುವೆ ಕಟ್ಟೋವಾಗ ನಾನೂ ಒಂದು ಕಲ್ಲು ಹೊತ್ತಿದ್ದೆ.”

ಅವರ ಕಣ್ಣು ತುಂಬಿತು. ಸಿರ್ಗಾ ಮುಂದೆ ಕೇಳಲಿಲ್ಲ.

*

ತನ್ನ ಕೋಣೆಗೆ ಬಂದು ಅವಳು ಕಸ ಕೆದಕಲು ಕೂತಳು.

ಅಳಿಸಿದ ಮೇಲ್ ಮೊದಲು ಕಸದ ಫೋಲ್ಡರಿಗೆ ಹೋಗುತ್ತದೆ. ಅಲ್ಲಿಂದಲೂ ತೆಗೆದುಹಾಕಿದರೆ ಕಣ್ಣಿಗೆ ಮರೆಯಾಗುತ್ತದೆ. ಆದರೆ ಸರ್ವರ್ ಅದನ್ನು ಕೆಲವು ವಾರ ತನ್ನ ಮಡಿಲಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಅದನ್ನು ತೆರೆಯುವ ಅಧಿಕಾರ ಇದ್ದದ್ದು ಸಿರ್ಗಾಳಿಗೆ ಮಾತ್ರ. ಉಳಿದವರಿಗೆ ಅಂಥದೊಂದು ಮಡಿಲಿದೆ ಎಂಬುದೇ ಗೊತ್ತಿರಲಿಲ್ಲ.

ಒಂದೇ ಮೇಲ್ ಸಿಗುತ್ತದೆ ಎಂದುಕೊಂಡಿದ್ದಳು. ಸಾಲುಸಾಲಾಗಿ ಬಂದವು.

ಎಲ್ಲವೂ ಪುಟ್ಟವು. ಎರಡು ಸಾಲು, ಮೂರು ಸಾಲು. ಜಾಗ ಮಾಡಬೇಕೆಂದು ಹೊರಟವರು ಯಾರಾದರೂ ಇವನ್ನು ಅಳಿಸುತ್ತಾರೆಯೇ? ಒಂದು ಫೋಟೋ ತಿನ್ನುವ ಜಾಗವನ್ನು ಇವೆಲ್ಲ ಸೇರಿದರೂ ತಿನ್ನುವುದಿಲ್ಲ. ಹಳೆಯವೂ ಅಲ್ಲ. ಬಂದ ದಿನ ಸಂಜೆಯೇ ಹೋದವು.

ಒಂದನ್ನು ತೆರೆದಳು. ಇಸಾಬೆಕ್ ಯಾವುದೋ ಕಾವಲುಗಾರನಿಗೆ ಬರೆದದ್ದು—‘ನೀರು ಎಷ್ಟಿದೆ? ಮನೆಯವರೆಲ್ಲ ಕ್ಷೇಮವೇ?’ ಮಾಮೂಲಿ. ಇದನ್ನೇಕೆ ಅಳಿಸಬೇಕು? ಮೇಲ್‌ಬಾಕ್ಸಿನಲ್ಲಿ ಆ ದಿನದ ಪುಟ ತೆರೆದಳು. ಅಲ್ಲಿ ಅದೇ ಮೇಲ್ ಇತ್ತು. ಅದೇ ಮಾತು, ಅದೇ ಕಾವಲುಗಾರ. ಬೆಳಿಗ್ಗೆ ಒಮ್ಮೆ ಬರೆದದ್ದು ಉಳಿದಿತ್ತು. ಮಧ್ಯಾಹ್ನ ಮತ್ತೊಮ್ಮೆ ಬರೆದದ್ದು ಕಸಕ್ಕೆ ಹೋಗಿತ್ತು.

ಇನ್ನೊಂದು ತೆರೆದಳು. ಮತ್ತೊಂದು. ಎಲ್ಲವೂ ಹಾಗೆಯೇ. ಇಸಾಬೆಕ್ ಎರಡನೇ ಸಲ ಕೇಳಿದ ಪ್ರಶ್ನೆಗಳು. ಆ ಪ್ರಶ್ನೆಗಳಿಗೆ ಕಾವಲುಗಾರರು ಬೇಸರಿಸದೆ ಎರಡನೇ ಸಲ ಕೊಟ್ಟ ಉತ್ತರಗಳು. ಪ್ರತಿ ಜೋಡಿಯಲ್ಲೂ ಮೊದಲನೆಯದು ಉಳಿದಿತ್ತು, ಎರಡನೆಯದು ಅಳಿದಿತ್ತು.

ಕೊನೆಯಲ್ಲಿ ಶುಕ್ರವಾರದ್ದು ಸಿಕ್ಕಿತು. ‘ಹಿಮನದಿಯ ತುಂಡು ಒಡೆದು ನೀರಿಗೆ ಬಿದ್ದಿದೆ...’ ಅದರ ಮೇಲಿದ್ದ ಶೀರ್ಷಿಕೆ ಮೊದಲ ಉತ್ತರದ್ದೇ. ಒಂದಕ್ಷರ ಬೇರೆಯಿಲ್ಲ. ಅದನ್ನು ಯಾರೂ ತೆರೆದೇ ಇರಲಿಲ್ಲ. ಓದದ ಮೇಲ್‌ನ ದಪ್ಪಕ್ಷರದಲ್ಲೇ ಅದು ಕಸ ಸೇರಿತ್ತು.

ಇಸಾಬೆಕ್ ಮರೆಯುತ್ತಿದ್ದರು. ಅದನ್ನು ಬಲ್ಲವರೊಬ್ಬರು ಅವರ ಹಿಂದೆಯೇ ಬಂದು ಗುರುತುಗಳನ್ನು ಒರೆಸುತ್ತಿದ್ದರು.

ಯಾರು?

ಇಸಾಬೆಕ್‌ರ ಕ್ಯಾಲೆಂಡರು ತೆರೆದಳು. ಪ್ರತಿ ಭೇಟಿಯ ಕೆಳಗೂ ಪುಟ್ಟ ಟಿಪ್ಪಣಿ. ದಿನವೂ ಕಣ್ಣಿಗೆ ಬೀಳುತ್ತಿದ್ದವೇ. ಅಗಾಯ್ ತಾವೇ ಬರೆದುಕೊಳ್ಳುತ್ತಾರೆ ಎಂದುಕೊಂಡು ಯಾರೂ ಓದಿರಲಿಲ್ಲ. ಈಗ ಓದಿದಳು. ‘ಬರುವವರು ಬ್ಯಾಂಕಿನ ದಾಮಿರ್. ದಪ್ಪ ಮೀಸೆ. ಮಗಳಿಗೆ ಆಪರೇಷನ್ ಆಗಿದೆ, ವಿಚಾರಿಸಿ.’ ‘ರಹಾತ್—ಹೊಸ ಗುಮಾಸ್ತೆ, ನೀಲಿ ತಲೆವಸ್ತ್ರ. ರೊಟ್ಟಿ ಚೆನ್ನಾಗಿ ಮಾಡುತ್ತಾಳೆ, ಹೊಗಳಿ.’ ಅಂದಿನ ಮಧ್ಯಾಹ್ನದ ತನ್ನದೇ ಭೇಟಿಯ ಕೆಳಗೆ: ‘ಸಿರ್ಗಾ—ಕಂಪ್ಯೂಟರ್ ನೋಡುವವಳು, ಗಿಡ್ಡ ಕೂದಲು. ಮಗ ಇವತ್ತು ಎರಡು ಹೆಜ್ಜೆ ಹಾಕಿದ. ಏಕವಚನದಲ್ಲೇ ಮಾತಾಡಿಸಿ.’

ಅವಳು ಬಹಳ ಹೊತ್ತು ಆ ಸಾಲನ್ನೇ ನೋಡುತ್ತ ಕೂತಳು. ಆಮೇಲೆ ನೊರೂಜ್ ಹಬ್ಬದ ಪುಟಕ್ಕೆ ಹಿಂದೆ ಸರಿದಳು.

*

ಮರುದಿನ ಬೆಳಿಗ್ಗೆ ಬುರುಲ್ ಎಜೆಯ ಕೋಣೆಯಲ್ಲಿ ರಹಾತ್, ಎರ್ಮೆಕ್, ಜೋಲ್ದೋಶ್ ಸೇರಿದ್ದರು. ಇಸಾಬೆಕ್‌ರನ್ನು ಕರೆಯಬೇಡಿ ಎಂದು ಸಿರ್ಗಾ ಮೊದಲೇ ಬೇಡಿಕೊಂಡಿದ್ದಳು.

“ಹೇಳು,” ಎಂದರು ಬುರುಲ್ ಎಜೆ. “ರಹಾತಾ?”

“ಅಲ್ಲ. ಅವರು ಒಂದನ್ನೂ ಅಳಿಸಿಲ್ಲ. ಅಳಿಸಿದ್ರೆ ಜಾಗ ಖಾಲಿಯಾಗ್ಬೇಕಿತ್ತು. ಆಗಿಲ್ಲ. ಅಳಿಸಿದವರಿಗೆ ಜಾಗ ಬೇಕಿರ್ಲಿಲ್ಲ ಎಜೆ.”

“ಮತ್ತೇನು ಬೇಕಿತ್ತು?”

ಸಿರ್ಗಾ ಜೋಡಿ ಮೇಲ್‌ಗಳ ಕತೆ ಹೇಳಿದಳು. ಕೇಳುತ್ತ ಕೇಳುತ್ತ ಬುರುಲ್ ಎಜೆಯ ಮುಖ ಬಣ್ಣಗೆಟ್ಟಿತು. ಜೋಲ್ದೋಶ್ ತಲೆ ತಗ್ಗಿಸಿದ.

“ನಂಗೆ ಅನುಮಾನ ಇತ್ತು,” ಅವನು ಗೊಣಗಿದ. “ಒಂದೇ ಮಾತು ಎರಡೆರಡು ಸಲ ಕೇಳೋರು. ವಯಸ್ಸಾಯ್ತು, ಕೇಳ್ಲಿ ಬಿಡು ಅಂತ ನಾವೆಲ್ಲ ಎರಡೆರಡು ಸಲ ಉತ್ತರ ಕೊಡ್ತಿದ್ವಿ. ಶುಕ್ರವಾರಾನೂ ಎರಡನೇ ಸಲ ಕೇಳಿದ್ರು. ಕೇಳಿದ್ರಲ್ಲ ಅಂತಾನೇ ನಾನು ಎದ್ದು ಮತ್ತೆ ನೀರು ನೋಡೋಕೆ ಹೋಗಿದ್ದು. ಇಲ್ದಿದ್ರೆ ಮಲಗಿಬಿಡ್ತಿದ್ದೆ.”

ಅಂದರೆ, ಹಳ್ಳಿಯನ್ನು ಉಳಿಸಿದ ಆ ಎರಡನೇ ಪ್ರಶ್ನೆ ಇಸಾಬೆಕ್‌ರ ಮರೆವೇ ಆಗಿತ್ತು.

“ಯಾರು?” ಬುರುಲ್ ಎಜೆ ಕೇಳಿದರು.

“ಕ್ಯಾಲೆಂಡರಿನಲ್ಲಿ ಟಿಪ್ಪಣಿ ಬರೆದವರೇ ಮೇಲ್ ಅಳಿಸಿದವರು. ನಿನ್ನೆ ಮೊಗಸಾಲೇಲಿ ಅಗಾಯ್ ನನ್ನನ್ನ ಗುರುತಿಸ್ಲಿಲ್ಲ. ಬಹುವಚನದಲ್ಲಿ ಮಾತಾಡಿಸಿದ್ರು. ಕೋಪ ಅಂದ್ಕೊಂಡೆ. ಆಮೇಲೆ ಕೋಣೆಗೆ ಹೋದ್ರೆ ಪರದೆ ನೋಡಿ, ನನ್ನ ಹೆಸರು ಹಿಡಿದು, ಮಗ ಎರಡು ಹೆಜ್ಜೆ ಹಾಕಿದನಂತೆ ಅಂದ್ರು. ಖುಷೀಲಿ ನಾನು ಯೋಚನೆ ಮಾಡ್ಲೇ ಇಲ್ಲ—ಅವರಿಗೆ ಹೇಗೆ ಗೊತ್ತಾಯ್ತು? ನನ್ನ ಗಂಡನಿಗೇ ಗೊತ್ತಿರ್ಲಿಲ್ಲ. ನಾನು ಹೇಳಿದ್ದು ಒಬ್ಬರಿಗೆ ಮಾತ್ರ. ಅಗಾಯ್ ಜೊತೆ ಮಾತು ಬಿಟ್ಟವರಿಗೆ.”

ಎರ್ಮೆಕ್ ಕಿಟಕಿಯಾಚೆ ನೋಡುತ್ತಿದ್ದ.

“ನೊರೂಜ್ ದಿನದ ಟಿಪ್ಪಣೀಲಿ ಎಲ್ಲರೂ ಇದಾರೆ ಎಜೆ. ನೀವು, ರಹಾತ್ ಎಜೆ, ನಾನು, ಬಾಗಿಲು ಕಾಯೋ ತಾತ ಕೂಡ. ಯಾರ ಪಕ್ಕ ಯಾರು ನಿಲ್ತಾರೆ ಅಂತಾನೂ ಇದೆ. ಒಬ್ಬರು ಮಾತ್ರ ಇಲ್ಲ. ಊರವರ ಗುರುತೆಲ್ಲ ಬರೆದವರು ತಮ್ಮ ಗುರುತು ಬರೆಯೋದನ್ನೇ ಮರೆತ್ರು. ಅಗಾಯ್ ತಮ್ಮನ್ನೇ ಮರೀಬಹುದು ಅಂತ ಅವರಿಗೆ ಹೊಳೀಲೇ ಇಲ್ಲ. ಅದಕ್ಕೇ ಅವತ್ತು ಅಗಾಯ್ ಅವರ ಮುಂದೆ ನಿಂತು ತಡವರಿಸಿ, ಡ್ರೈವರ್ ಅಂದ್ರು. ಅವರು ಸಭೆ ಮುಂದೆ ತಿದ್ದಲಿಲ್ಲ. ಹೌದು ಅಂತ ಹೋಗಿ ಗಾಡಿ ತಂದ್ರು.” ಸಿರ್ಗಾ ಕಿಟಕಿಯ ಕಡೆ ತಿರುಗಿದಳು. “ಅಲ್ವಾ ಎರ್ಮೆಕ್ ಬೈಕೆ?”

ಎರ್ಮೆಕ್ ಕಿಟಕಿಯಿಂದ ಕಣ್ಣು ತೆಗೆಯದೆಯೇ ಹೇಳಿದ.

“ಶುಕ್ರವಾರ ಎರಡು ಉತ್ತರ ಕಂಡ್ವು. ಮತ್ತೆ ಕೇಳಿದಾರೆ ಅಂದ್ಕೊಂಡು ಎರಡನೇದನ್ನ ತೆರೀದೆ ತೆಗೆದುಬಿಟ್ಟೆ. ಅಷ್ಟೇ. ಶನಿವಾರ ಸುದ್ದಿ ಬಂದಾಗಲೇ ಅದರಲ್ಲೇನಿತ್ತು ಅಂತ ಗೊತ್ತಾಗಿದ್ದು. ಶರತ್ಕಾಲದವರೆಗೆ ಸಾಗಿಸಿದ್ರೆ ಸಾಕು, ತಲೆ ಎತ್ತಿಕೊಂಡು ಮನೆಗೆ ಹೋಗ್ಲಿ ಅಂತಿದ್ದೆ. ಕಾರಣ ಹೇಳದೆ ತಪ್ಪು ಒಪ್ಕೊಳ್ಳೋಕೆ ನೋಡ್ದೆ. ಯಾರೂ ತಗೊಳ್ಲಿಲ್ಲ.”

“ಹಳ್ಳಿಯವರ ಜೀವ ಎರ್ಮೆಕ್!” ಬುರುಲ್ ಎಜೆ ಮೇಜು ಗುದ್ದಿದರು. “ನಿನ್ನ ಪ್ರೀತಿಗೆ ಅವರು ಬೆಲೆ ತೆರ್ಬೇಕಿತ್ತಾ?”

“ಇಲ್ಲ ಎಜೆ. ಅದಕ್ಕೇ ನನ್ನ ಹೆಸರು ಬರೀರಿ. ಅವರದ್ದು ಮಾತ್ರ ಬೇಡ.”

“ಬರೀಬೇಕು,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಇಸಾಬೆಕ್ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಮೆಲ್ಲಗೆ ಒಳಗೆ ಬಂದು, ರಹಾತ್ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತರು.

“ಮರೀತಿದೀನಿ ಅಂತ ನನಗೆ ಗೊತ್ತು. ಆದ್ರೆ ಆ ಟಿಪ್ಪಣಿಗಳು... ಅವನ್ನ ನಾನೇ ಬರೆದದ್ದು ಅಂದ್ಕೊಂಡಿದ್ದೆ.” ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. “ಬೆಳಿಗ್ಗೆ ಬಂದು ಓದ್ತಿದ್ದೆ. ಬರೆದದ್ದು ನೆನಪಿಲ್ಲ. ಆದ್ರೂ ಎಷ್ಟು ಚೆನ್ನಾಗಿ ಬರೆದಿದೀನಿ, ಒಬ್ಬರ ಕಷ್ಟ ಸುಖಾನೂ ಬಿಟ್ಟಿಲ್ಲ. ಹಾಗಾದ್ರೆ ನಾನಿನ್ನೂ ಪೂರ್ತಿ ಹೋಗಿಲ್ಲ ಅಂತ ಧೈರ್ಯ ಬರೋದು.”

ರಹಾತ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಎರ್ಮೆಕ್ ಕಿಟಕಿ ಬಿಟ್ಟು ಬಂದು ಅವರ ಮುಂದೆ ಮಂಡಿಯೂರಿದ.

“ಕ್ಷಮಿಸಿ ಅಗಾಯ್.”

ಇಸಾಬೆಕ್ ಅವನ ಮುಖವನ್ನು ಹುಡುಕುವವರಂತೆ ನೋಡಿದರು.

“ನಮ್ಮನೇಲಿ ಒಬ್ಬ ಹುಡುಗ ಇದ್ದ. ಊರಿಂದ ಓದೋಕೆ ಬಂದವನು. ಅಡಿಗೆಮನೆ ಪಕ್ಕದ ಕೋಣೇಲಿ ಮಲಗ್ತಿದ್ದ. ಏನಾದ್ರೂ ಒಡೆದುಹಾಕಿದ್ರೆ ಹೇಳ್ತಿರ್ಲಿಲ್ಲ, ಕಿವಿ ಕೆಂಪು ಮಾಡ್ಕೊಂಡು ನಿಲ್ತಿದ್ದ. ನನ್ನ ಹೆಂಡತಿ ಅವನ ಕಿವಿ ನೋಡೇ ಕಂಡುಹಿಡಿಯೋಳು.”

“ಅವನೇ ನಾನು, ಅಗಾಯ್.”

“ಅವನೇನಾ?” ಮುದುಕರ ಕೈ ಅವನ ಕಿವಿಯನ್ನು ಮುಟ್ಟಿತು. “ಹೌದು. ಬಿಸಿಯಾಗಿದೆ.”

ಆಮೇಲೆ ಅವರು ಬುರುಲ್ ಎಜೆಯ ಕಡೆ ತಿರುಗಿದರು. ದನಿಯಲ್ಲಿ ಹಳೆಯ ಮೇಷ್ಟ್ರಿದ್ದರು.

“ಸಚಿವಾಲಯದವರಿಗೆ ನಿಜ ಬರಿ ಮಗಳೇ. ನನ್ನ ಕಾಯಿಲೆ, ಇವನ ತಪ್ಪು—ಎರಡೂ. ಬೆಟ್ಟದ ನೀರಿನ ಮುಂದೆ ಮುಚ್ಚುಮರೆ ನಡೆಯಲ್ಲ. ಇವತ್ತಿಂದ ಆ ಮೇಲ್‌ಬಾಕ್ಸ್ ನನಗೆ ಬೇಡ.”

*

ಎರ್ಮೆಕ್‌ನ ಉಪನಿರ್ದೇಶಕ ಹುದ್ದೆ ಹೋಯಿತು. ಕೆಲಸ ಉಳಿದದ್ದು ಇಸಾಬೆಕ್ ಖುದ್ದಾಗಿ ಸಚಿವಾಲಯಕ್ಕೆ ಹೋಗಿ ಕೂತದ್ದರಿಂದ. ಒಳಗೆ ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ರಜೆ ಹಾಕಿ ಎರ್ಮೆಕ್ ಸೂ-ಒಟ್ಕೆಲ್‌ಗೆ ಹೋದ. ಊರವರು ಮೊದಲು ಮುಖ ತಿರುಗಿಸಿದರು. ಆಮೇಲೆ ಜೋಲ್ದೋಶ್ ಒಂದು ಸಲಿಕೆ ತಂದು ಅವನ ಕೈಗಿಟ್ಟ. ಹೊಸ ಸೇತುವೆಯ ಕಲ್ಲುಗಳನ್ನು ಅವನು ಬೇಸಿಗೆ ಮುಗಿಯುವವರೆಗೆ ಹೊತ್ತ.

ಸಿರ್ಗಾ ಎಲ್ಲರಿಗೂ ಬೇರೆಬೇರೆ ಪಾಸ್‌ವರ್ಡ್ ಕೊಟ್ಟಳು. ಸರೋವರಗಳಿಂದ ಬರುವ ಮೇಲ್ ತೆರೆಯದೇ ಉಳಿದರೆ ಎಲ್ಲರ ಫೋನೂ ಬಡಿದುಕೊಳ್ಳುವಂತೆ ಮಾಡಿದಳು. ಹಳೆಯ ಫೋಟೋಗಳನ್ನೆಲ್ಲ ಬೇರೊಂದು ಕಡೆ ಜೋಪಾನ ಮಾಡುವ ಕೆಲಸ ರಹಾತ್‌ಗೆ ಸಿಕ್ಕಿತು. ಮಧ್ಯಾಹ್ನದ ಹೊತ್ತು ಅವಳೂ ಇಸಾಬೆಕ್ಕೂ ಒಟ್ಟಿಗೆ ಕೂತು ಒಂದೊಂದೇ ತೆರೆಯುತ್ತಿದ್ದರು. ನಿನ್ನೆ ಯಾರು ಬಂದಿದ್ದರು ಎಂಬುದು ಇಸಾಬೆಕ್‌ಗೆ ತಿಳಿಯದು. ಆದರೆ ಹಿಮದಲ್ಲಿ ಕೋಲು ಹಿಡಿದು ನಿಂತವನ ಹೆಸರು, ಅವನ ಕುದುರೆಯ ಹೆಸರು, ಅಂದು ಬೀಸುತ್ತಿದ್ದ ಗಾಳಿಯ ದಿಕ್ಕು—ಎಲ್ಲವನ್ನೂ ಹೇಳುತ್ತಿದ್ದರು. ರಹಾತ್ ಫೋಟೋಗಳ ಕೆಳಗೆ ಬರೆದುಕೊಳ್ಳುತ್ತಿದ್ದಳು.

ಬೀದಿಯ ಓಕ್ ಮರಗಳು ಹಳದಿಯಾಗತೊಡಗಿದಾಗ ಬೀಳ್ಕೊಡುಗೆ ಆಯಿತು. ಬುರುಲ್ ಎಜೆ ಅವರಿಗೆ ಬಿಳಿ ಕಲ್ಪಾಕ್ ಟೋಪಿ ತೊಡಿಸಿದರು. ಸೂ-ಒಟ್ಕೆಲ್‌ನಿಂದ ಹೆಂಗಸರು ಹುಳಿಬಂದ ಕುದುರೆಹಾಲು, ಕುಮಿಸ್ ತುಂಬಿದ ಚರ್ಮದ ಚೀಲ ಹೊತ್ತು ಬಂದಿದ್ದರು. ಅವರಲ್ಲೊಬ್ಬಳು ಎರ್ಮೆಕ್‌ಗೂ ಒಂದು ಬಟ್ಟಲು ಸುರಿದುಕೊಟ್ಟಳು.

ಸಂಜೆ ಸಿರ್ಗಾ ಮಗನನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಇಸಾಬೆಕ್ ಟೋಪಿ ಸರಿಮಾಡಿಕೊಳ್ಳುತ್ತ ಇಳಿದುಬಂದರು. ಅವರ ಹೂಗುಚ್ಛಗಳನ್ನೆಲ್ಲ ತಬ್ಬಿಕೊಂಡು ಹಿಂದೆಯೇ ಎರ್ಮೆಕ್ ಬಂದ. ಬೀದಿಗಿಳಿದಾಗ ಇಸಾಬೆಕ್ ನಿಂತರು. ಎರಡೂ ಕಡೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದವನನ್ನು ಸೌಜನ್ಯದಿಂದ ಕೇಳಿದರು:

“ನಿಮ್ಮ ಮನೆ ಯಾವ ಕಡೆ?”

ಎರ್ಮೆಕ್ ಹೂಗಳ ಮರೆಯಿಂದ ಇಣುಕಿದ.

“ನಿಮ್ಮನೆ ಕಡೆಗೇ, ಅಗಾಯ್.”

“ಓಹೋ! ಒಳ್ಳೇದಾಯ್ತು,” ಇಸಾಬೆಕ್ ಅವನ ತೋಳು ಹಿಡಿದುಕೊಂಡರು. “ಹಾಗಾದ್ರೆ ಒಟ್ಟಿಗೇ ಹೋಗೋಣ.”